ವಿಕ್ಲೋ ಸುತ್ತಾಟ: ಕಾರಿಲ್ಲ, ಬಜೆಟ್ ಕಮ್ಮಿ, ಜೊತೆಗೆ ಅತ್ತೆ-ಮಾವ

ನಂಜನಗೂಡು_ಬಾಳೆ
ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ಮೈಸೂರಿಂದ ಅತ್ತೆ-ಮಾವ ಬರ್ತಿದಾರೆ, ಬೇಸಿಗೆ ಮುಗಿಯೋವರೆಗೂ ಇರ್ತಾರೆ. ನಾವಿರೋದು ಐರ್ಲೆಂಡಿನ ಡಬ್ಲಿನ್ ಅಂಚಿನ ಟಾಲಾದಲ್ಲಿ. ಕಾರಿಲ್ಲ, ನಮ್ಮನೆಯವರು ಇನ್ನೂ ಲರ್ನರ್ ಪರ್ಮಿಟ್‌ನಲ್ಲೇ ಇದಾರೆ. ಡಬ್ಲಿನ್ ಒಳಗೆ ಎಲ್ಲಿ ಕರ್ಕೊಂಡು ಹೋಗ್ಬೇಕು ಅಂತ ಗೊತ್ತು. ವಿಕ್ಲೋ ಜಿಲ್ಲೆ ಪಕ್ಕದಲ್ಲೇ ಇದೆ ಅಂತಾರೆ, ಆದ್ರೆ ನೆಟ್‌ನಲ್ಲಿ ಹುಡುಕಿದ್ರೆ ಬರೋದೆಲ್ಲ ಟೂರ್ ಬಸ್ಸು, ಟಿಕೆಟ್ ಇರೋ ಬಂಗ್ಲೆ, ಟಿಕೆಟ್ ಇರೋ ತೋಟ.

ನಮ್ಮ ಪರಿಸ್ಥಿತಿ ಹೀಗಿದೆ: ಅತ್ತೆಗೆ ಮಂಡಿನೋವು, ಮೆಟ್ಟಿಲು ಏರೋಕಾಗಲ್ಲ. ಮಾವನಿಗೆ ನಡಿಗೆ ಅಂದ್ರೆ ಪ್ರಾಣ, ಕುಕ್ಕರಹಳ್ಳಿ ಕೆರೆ ದಿನಾ ಸುತ್ತೋರು. ಮಗನಿಗೆ ಏಳು ವರ್ಷ, ನೀರು ಕಂಡ್ರೆ ಸಾಕು. ಐದು ಜನಕ್ಕೆ ಒಂದು ದಿನಕ್ಕೆ 40 ಯೂರೋ ದಾಟಬಾರದು. ಊಟ ಮನೆಯಿಂದಲೇ. ಇದು ಆಗೋ ಮಾತಾ?

ಬ್ರೇ_ವಾಸಿ
ಧಾರಾಳವಾಗಿ ಆಗುತ್ತೆ. ವಿಕ್ಲೋದಲ್ಲಿ ನೋಡೋದಕ್ಕೆ ದುಡ್ಡಿಲ್ಲ ಮೇಡಂ. ಅಲ್ಲಿಗೆ ತಲುಪೋಕೆ, ಗಾಡಿ ನಿಲ್ಲಿಸೋಕೆ, ಹಸಿವಾದಾಗ ಕಾಫಿ ಅಂಗಡಿಗೆ ನುಗ್ಗೋಕೆ ದುಡ್ಡು. ನೀವು ಬುತ್ತಿ ಕಟ್ಕೊಂಡು ಹೋಗೋರು, ಕಾರಿಲ್ಲದೋರು, ಅಂದ್ರೆ ಎರಡು ಖರ್ಚು ಆಗಲೇ ಉಳೀತು.

ಮೊದಲನೇ ದಿನ ಬ್ರೇಗೆ ಬನ್ನಿ. ಟಾಲಾದಿಂದ ಕೆಂಪು ಲೈನಿನ ಲೂಅಸ್ ಟ್ರಾಮು, ಕನಾಲಿ ಸ್ಟೇಷನ್ನಲ್ಲಿ ಇಳಿದು ಡಾರ್ಟ್ ಲೋಕಲ್ ರೈಲು. ಲೀಪ್ ಕಾರ್ಡಲ್ಲಿ (ದುಡ್ಡು ತುಂಬಿಸಿಟ್ಟು ಬಳಸೋ ಪ್ರಯಾಣದ ಕಾರ್ಡ್) ದೊಡ್ಡವರಿಗೆ 2 ಯೂರೋ. ಮೊದಲ ಸಲ ಕಾರ್ಡ್ ಮುಟ್ಟಿಸಿದ ಮೇಲೆ 90 ನಿಮಿಷದೊಳಗೆ ಕೊನೇ ಗಾಡಿ ಹತ್ತಿದ್ರೆ ಅಷ್ಟರಲ್ಲೇ ಮುಗೀತು. ನಾಲ್ಕು ಜನ ದೊಡ್ಡವರು ಹೋಗಿ ಬರೋಕೆ 16 ಯೂರೋ. ಮಗನಿಗೆ ಮಕ್ಕಳ ಲೀಪ್ ಕಾರ್ಡ್ ಬೇರೆ ಮಾಡಿಸಿ. ಒಬ್ಬರಿಗೊಂದು ಕಾರ್ಡ್ ಬೇಕೇ ಬೇಕು, ಒಂದೇ ಕಾರ್ಡಲ್ಲಿ ಇಬ್ಬರು ಹೋಗೋ ಹಾಗಿಲ್ಲ. ಇಳಿದಾಗಲೂ ಕಾರ್ಡ್ ಮುಟ್ಟಿಸೋದನ್ನ ಹಿರಿಯರಿಗೆ ಹೇಳಿಕೊಡಿ, ಇಲ್ದಿದ್ರೆ ಜಾಸ್ತಿ ಕತ್ತರಿಸ್ಕೊಳ್ಳುತ್ತೆ.

ಸ್ಟೇಷನ್ನಿಂದ ಸಮುದ್ರ ಎರಡು ನಿಮಿಷ. ದಡದುದ್ದಕ್ಕೂ ಹಳೇ ಕಾಲದ ಅಗಲವಾದ ಕಾಲುದಾರಿ, ಸಮತಟ್ಟು, ಹತ್ತು ಹೆಜ್ಜೆಗೊಂದು ಬೆಂಚು. ನಿಮ್ಮತ್ತೆ ಅಲ್ಲಿ ಕೂತು ಇಡೀ ಮಧ್ಯಾಹ್ನ ಕಳೀಬಹುದು. ಮಾವನನ್ನ ಬ್ರೇ ಹೆಡ್ ಗುಡ್ಡಕ್ಕೆ ಬಿಡಿ. ನೆತ್ತಿ ಹತ್ತಿರ ಕಾಂಕ್ರೀಟ್ ಶಿಲುಬೆ ಇದೆ, 1950ರಲ್ಲಿ ನಿಲ್ಲಿಸಿದ್ದು. ಅಲ್ಲಿಂದ ಒಂದು ಕಡೆ ಡಬ್ಲಿನ್ ಕೊಲ್ಲಿ, ಇನ್ನೊಂದು ಕಡೆ ಶುಗರ್ ಲೋಫ್ ಬೆಟ್ಟ ಕಾಣುತ್ತೆ. ಕೊನೇ ಭಾಗ ಕಲ್ಲುಕಲ್ಲು, ಚಪ್ಪಲೀಲಿ ಬೇಡ.

ಮಗನಿಗೆ ಒಂದು ಮಾತು ಮುಂಚೆನೇ ಹೇಳಿಡಿ: ದಡದಲ್ಲಿರೋದು ಮರಳಲ್ಲ, ಉರುಟು ಕಲ್ಲು. ಮರಳಿನ ಮನೆ ಕಟ್ತೀನಿ ಅಂತ ಬಕೆಟ್ ತಂದ್ರೆ ಅಳ್ತಾನೆ. ಕಲ್ಲೆಸೆಯೋಕೆ ಮಾತ್ರ ಸ್ವರ್ಗ. ರಸ್ತೆ ಆಚೆ ಕಡೆ ನಾಣ್ಯ ಹಾಕೋ ಆಟದ ಮೆಷೀನ್ ಅಂಗಡಿಗಳಿವೆ. ಅತ್ತ ತಿರುಗಿಯೂ ನೋಡಬೇಡಿ, ನಿಮ್ಮ 40 ಯೂರೋ ಕರಗೋದು ಅಲ್ಲೇ.

ರೈಲು_ಹುಚ್ಚ
ಡಾರ್ಟ್‌ನಲ್ಲಿ ಎಡಗಡೆ ಸೀಟು ಹಿಡೀರಿ. ಡಾಲ್ಕಿ ದಾಟಿ ಸುರಂಗದಿಂದ ಆಚೆ ಬಂದ ತಕ್ಷಣ ಇಡೀ ಕಿಲೈನಿ ಕೊಲ್ಲಿ ಕಿಟಕಿಗೆ ಬರುತ್ತೆ. ಎರಡು ಯೂರೋಗೆ ಇದಕ್ಕಿಂತ ಒಳ್ಳೇ ನೋಟ ಈ ದೇಶದಲ್ಲಿಲ್ಲ.

ಬ್ರೇನಲ್ಲೇ ಇಳೀದೆ ಒಮ್ಮೆ ಗ್ರೇಸ್ಟೋನ್ಸ್‌ವರೆಗೂ ಹೋಗಿ. ಬ್ರೇ ಹೆಡ್ ಗುಡ್ಡದ ಸುತ್ತ ಬಂಡೆಗೆ ಅಂಟಿಕೊಂಡು, ಸುರಂಗ ಹೊಕ್ಕು ಹೋಗೋ ಈ ದಾರಿ 1850ರ ದಶಕದ್ದು, ಎಂಜಿನಿಯರ್ ಬ್ರುನೆಲ್ ಕೈವಾಡ ಇದೆ. ಸಮುದ್ರ ಕೊರೆದೂ ಕೊರೆದೂ ಹಳಿಯನ್ನ ಆಮೇಲೆ ಒಳಕ್ಕೆ ಸರಿಸಬೇಕಾಯ್ತು. ಹಳೇ ಸುರಂಗದ ಬಾಯಿ ಇವತ್ತಿಗೂ ಕಾಣುತ್ತೆ, ಕಣ್ಣು ಚುರುಕಾಗಿರಬೇಕು ಅಷ್ಟೆ.

ಅದೇ ಗುಡ್ಡದ ಮೇಲೆ ಬ್ರೇಯಿಂದ ಗ್ರೇಸ್ಟೋನ್ಸ್‌ಗೆ ಸುಮಾರು 7 ಕಿ.ಮೀ. ಕ್ಲಿಫ್ ವಾಕ್ (ಕಡಲ ಮೇಲಿನ ಕಾಲುದಾರಿ) ಅಂತ ಎಲ್ಲಾ ಹಳೇ ಬ್ಲಾಗ್‌ಗಳಲ್ಲಿ ಬರೆದಿರುತ್ತೆ. 2021ರಲ್ಲಿ ಮಣ್ಣು ಕುಸಿದು ಅದನ್ನ ಮುಚ್ಚಿದ್ರು. ಬೇಲಿ ಹಾರಿ ಹೋಗೋರನ್ನ ನೋಡಿ ನಿಮ್ಮ ಮಾವನೂ ಹುರುಪಿಗೆ ಬೀಳೋದು ಬೇಡ. ದಾರೀಲಿರೋ ಬೋರ್ಡು ಏನು ಹೇಳುತ್ತೋ ಹಾಗೆ ಮಾಡಿ.

ಧಾರವಾಡ_ಪೇಡಾ
ಅಕ್ಕಾರ, ಗ್ಲೆಂಡಲಾಖ್ ಬಿಟ್ಟು ವಿಕ್ಲೋ ನೋಡೇವಿ ಅಂದ್ರ ಯಾರೂ ಒಪ್ಪಂಗಿಲ್ರಿ. ಆದ್ರ ಭಾನುವಾರ ಮಾತ್ರ ಹೋಗಬ್ಯಾಡ್ರಿ. ಬಿಸಿಲು ಬಿದ್ದ ಭಾನುವಾರ ಅರ್ಧ ಡಬ್ಲಿನ್ ಅಲ್ಲೇ ಇರ್ತೈತಿ. ಲಾರಾ ಊರಿನ ಹತ್ರ ಕಾರು ಸಾಲ ಹಚ್ಚಿ ನಿಂತಿರ್ತಾವು.

ಕಾರ್ ಇಲ್ಲಂದ್ರ ಸೇಂಟ್ ಕೆವಿನ್ಸ್ ಬಸ್ ಐತಿ, ಡಬ್ಲಿನ್‌ದಾಗ ಸ್ಟೀಫನ್ಸ್ ಗ್ರೀನ್ ಕಡಿಂದ ಹೊರಟು ಬ್ರೇ ಮ್ಯಾಲೆ ಹಾದು ಹೋಗ್ತೈತಿ. ಖಾಸಗಿ ಬಸ್ಸು, ಆ 2 ಯೂರೋ ಲೆಕ್ಕ ಇಲ್ಲಿ ನಡಿಯಂಗಿಲ್ಲ. ಐದು ಮಂದಿಗೆ ನಿಮ್ಮ 40 ಯೂರೋ ಈ ಒಂದು ದಿನ ಮೀರೂದ ಖರೆ. ಇನ್ನೊಂದು ದಾರಿ ಅಂದ್ರ ವಿಕ್ಲೋ ಊರಿಗೆ ರೈಲು, ಅಲ್ಲಿಂದ ಲೋಕಲ್ ಲಿಂಕ್ 183 ನಂಬರ್ ಬಸ್ಸು. ಸುತ್ತು ಬಳಸು, ಆದ್ರ ಸಮುದ್ರದ ದಂಡಿ ಹಿಡದು ರೈಲು ಹೋಗ್ತೈತ್ರಿ, ಬ್ಯಾಸರ ಆಗಂಗಿಲ್ಲ.

ಅಲ್ಲಿ ಹೋದ ಮ್ಯಾಲೆ ಎಲ್ಲಾ ಪುಕ್ಕಟೆ. 6ನೇ ಶತಮಾನದಾಗ ಕೆವಿನ್ ಅನ್ನೂ ಸಂತ ಕಟ್ಟಿದ ಮಠ. ಸುಮಾರು 30 ಮೀಟರ್ ಎತ್ತರದ ದುಂಡನ ಗೋಪುರ ಐತಿ, ಅದರ ಬಾಗಿಲು ನೆಲದಿಂದ ಎರಡಾಳು ಎತ್ತರದಾಗ. ಯಾಕ ಅಂತ ನಿಮ್ಮ ಹುಡುಗನ್ನ ಕೇಳ್ರಿ, ಒಂದು ತಾಸು ಸುಮ್ಮನ ಕೂಡ್ತಾನ. ವಿಸಿಟರ್ ಸೆಂಟರ್‌ಗೆ ಅಷ್ಟ ಟಿಕೆಟ್; ಮಠ, ಗೋಪುರ, ಎರಡೂ ಕೆರಿ ನೋಡಾಕ ಅದು ಬೇಕಾಗಿಲ್ಲ.

ನಂಜನಗೂಡು_ಬಾಳೆ
ಬಾಗಿಲು ಅಷ್ಟು ಮೇಲೆ ಯಾಕೆ? ನಂಗೇ ಕುತೂಹಲ ಈಗ.

ಧಾರವಾಡ_ಪೇಡಾ
ದರೋಡಿಕೋರರು ಬಂದಾಗ ಏಣಿ ಮ್ಯಾಲೆ ಎಳಕೋತಿದ್ರು ಅಂತ ಗೈಡ್‌ಗಳು ಹೇಳ್ತಾರ. ಕೆಲವು ಪಂಡಿತರು, ತಳಪಾಯ ಭಾಳ ಆಳ ಇರಂಗಿಲ್ಲ, ಬಾಗಿಲು ಕೆಳಗಿಟ್ರ ಗ್ವಾಡಿ ಬಲ ಕಳಕೋತೈತಿ ಅಂತಾರ. ನನಗ ಎರಡನೇದ್ದು ಖರೆ ಅನಸ್ತೈತಿ. ಗೋಪುರದಾಗ ಗಂಟಿ ಬಾರಸ್ತಿದ್ರು, ಬೆಂಕಿ ಬಿದ್ರ ಅದ ಚಿಮಣಿ. ಅದರಾಗ ಅಡಗಿ ಕೂಡೂದು ಶಾಣ್ಯಾತನ ಅಲ್ಲ.

ಬ್ರೇ_ವಾಸಿ
ಮಂಡಿನೋವಿನವರ ವಿಷಯ ಬಿಟ್ಟೇ ಹೋಯ್ತು ನೋಡಿ. ವಿಸಿಟರ್ ಸೆಂಟರ್ ಹತ್ರದಿಂದ ಕೆಳಗಿನ ಕೆರೆ ಕಡೆಗೆ ಗ್ರೀನ್ ರೋಡ್ ಅಂತ ಇದೆ, ಸಮತಟ್ಟಾದ ಅಗಲ ದಾರಿ, ಮರದ ನೆರಳು. ಅತ್ತೆ ನಿಧಾನಕ್ಕೆ ಬರಬಹುದು. ಮಾವ ಮೇಲಿನ ಕೆರೆಯ ಉತ್ತರ ದಡದ ಮೈನರ್ಸ್ ರೋಡ್ ಹಿಡಿದು ಹೋದ್ರೆ ಕೊನೇಲಿ ಸೀಸದ ಗಣಿಯವರ ಹಾಳುಬಿದ್ದ ಊರು ಸಿಗುತ್ತೆ. ಕಲ್ಲಿನ ಗೋಡೆಗಳ ನಡುವೆ ಕಾಡು ಮೇಕೆ ಅಡ್ಡಾಡ್ತಿರ್ತವೆ. ಸ್ಪಿಂಕ್ ಅನ್ನೋ ಏರುದಾರಿ ಬೇರೆ ಇದೆ, 600ರ ಹತ್ತಿರ ಮರದ ಮೆಟ್ಟಿಲು, ಪೂರ್ತಿ ಸುತ್ತಿದ್ರೆ 9 ಕಿ.ಮೀ. ಅದು ಮಾವನಿಗೂ ಮೊದಲನೇ ವಾರ ಬೇಡ.

ಮೇಲಿನ ಕೆರೆ ದಡ ನೋಡೋಕೆ ಮರಳಮರಳಾಗಿ ಇರುತ್ತೆ, ಆದ್ರೆ ಸ್ವಲ್ಪ ಮುಂದೆ ಹೋದ್ರೆ ಆಳ, ಜುಲೈನಲ್ಲೂ ಮೈ ಕೊರೆಯೋ ತಣ್ಣೀರು. ಮಗ ಪಾದ ನೆನೆಸ್ಕೊಂಡ್ರೆ ಸಾಕು.

ಕುಂದಾಪ್ರ_ಮಾಣಿ
ಎಂತ ಮಾರಾಯ್ರೆ, ಪವರ್ಸ್‌ಕೋರ್ಟ್ ಜಲಪಾತದ ಹೆಸರೇ ಯಾರೂ ತೆಗೀಲಿಲ್ಲ! 121 ಮೀಟರ್, ಕೆಳಗೆ ಹುಲ್ಲುಹಾಸು, ಬುತ್ತಿ ಬಿಚ್ಚಲಿಕ್ಕೆ ಮೇಜು, ಮಕ್ಕಳಿಗೆ ಆಡಲಿಕ್ಕೆ ಜಾಗ. ಹಿರಿಯರು ಕಾರಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಜಲಪಾತ ಎದುರಿಗೇ. ಟಿಕೆಟ್ ಕೊಟ್ಟದ್ದಕ್ಕೆ ಮೋಸ ಇಲ್ಲ.

ಸಾಗರದವನು
ಕಾರಿಂದ ಇಳಿದು ಅಂತ ನೀವೇ ಹೇಳಿದ್ರಲ್ಲ. ಅವರತ್ರ ಕಾರಿಲ್ಲ. ಹತ್ತಿರದ ಊರು ಎನ್ನಿಸ್‌ಕೆರಿಯಿಂದ ಅಲ್ಲಿಗೆ ಸುಮಾರು 6 ಕಿ.ಮೀ., ಹಲವು ಕಡೆ ಫುಟ್‌ಪಾತ್ ಇಲ್ಲದ ಕಿರಿದಾದ ರಸ್ತೆ. ಮಗು, ವಯಸ್ಸಾದವರನ್ನ ಕಟ್ಕೊಂಡು ಅಲ್ಲಿ ನಡೀಬಾರದು. ಐದು ಜನರ ಟಿಕೆಟ್, ಮೇಲೆ ಟ್ಯಾಕ್ಸಿ. ಮೈಸೂರಿನವರು ಜೋಗ ನೋಡಿರ್ತಾರೆ, 253 ಮೀಟರ್. ಮಳೆಗಾಲದಲ್ಲಿ ಅದರ ಮುಂದೆ ನಿಂತವರಿಗೆ ಇದನ್ನ ದುಡ್ಡು ಕೊಟ್ಟು ತೋರಿಸಿದ್ರೆ "ಇಷ್ಟೇನಾ" ಅಂತಾರೆ.

ಕುಂದಾಪ್ರ_ಮಾಣಿ
ಜೋಗದಲ್ಲಿ ಬೇಸಿಗೆಗೆ ನೀರು ಎಷ್ಟು ಉಂಟು ಹೇಳಿ ನೋಡುವ. ಇಲ್ಲಿ ವರ್ಷವಿಡೀ ಬೀಳ್ತದೆ. ಆದ್ರೆ ಬಸ್ಸಿನ ವಿಷಯ ಒಪ್ಪಿದೆ. ಕಾರಿದ್ದ ಗೆಳೆಯರು ಯಾರಾದ್ರೂ ಕರ್ಕೊಂಡು ಹೋದ್ರೆ ಮಾತ್ರ.

ಸಾಗರದವನು
ಟಾಲಾದವರಿಗೆ ನಿಜವಾಗಲೂ ಹತ್ತಿರದ ಜಾಗ ಬ್ಲೆಸಿಂಗ್ಟನ್. ಆಶ್ಚರ್ಯ ಅಂದ್ರೆ ಟಾಲಾದವರೇ ಅಲ್ಲಿಗೆ ಹೋಗಲ್ಲ. 65 ನಂಬರ್ ಡಬ್ಲಿನ್ ಬಸ್ಸು ನಿಮ್ಮೂರ ಮೇಲೇ ಹೋಗುತ್ತೆ, ಊರೊಳಗಿನ ಟ್ರಾಮು ರೈಲು ಯಾವುದೂ ಬೇಡ. ಸೀದಾ ಬ್ಲೆಸಿಂಗ್ಟನ್ ಮುಖ್ಯ ಬೀದೀಲಿ ಇಳಿಯೋದು. ಅಲ್ಲಿಂದ ರಸ್‌ಬರೋ ಬಂಗ್ಲೆವರೆಗೆ 6.5 ಕಿ.ಮೀ. ಗ್ರೀನ್‌ವೇ (ಕಾರಿಲ್ಲದ ನಡಿಗೆ ದಾರಿ) ಇದೆ, ಕೆರೆ ಪಕ್ಕ, ಕಾಡಿನೊಳಗೆ, ಪೈಸೆ ಖರ್ಚಿಲ್ಲ. ಅತ್ತೆ ಒಂದು ಕಿಲೋಮೀಟರ್ ಬಂದು ನೀರಿಗೆದುರಾಗಿ ಕೂರಲಿ, ಮಾವ ಪೂರ್ತಿ ಹೋಗಿ ಬರಲಿ.

ಅದು ಹುಟ್ಟು ಕೆರೆ ಅಲ್ಲ. ಲಿಫಿ ನದಿಗೆ ಪೂಲಫೂಕದಲ್ಲಿ ಅಣೆಕಟ್ಟು ಕಟ್ಟಿ 1940ರಲ್ಲಿ ಕಣಿವೆಗೆ ನೀರು ನಿಲ್ಲಿಸಿದ್ರು. ಕರೆಂಟಿಗೂ ಆಯ್ತು, ಡಬ್ಲಿನ್‌ಗೆ ಕುಡಿಯೋ ನೀರಿಗೂ ಆಯ್ತು. ಒಕ್ಕಲುಗಳನ್ನ ಎಬ್ಬಿಸಿದ್ರು, ಮನೆಗಳನ್ನ ಕೆಡವಿದ್ರು, ಸೇತುವೆ ಮುಳುಗಿದವು. ಬರ್ಗೇಜ್‌ನ ಹಳೇ ಸ್ಮಶಾನದಲ್ಲಿದ್ದ ಎತ್ತರದ ಕಲ್ಲು ಶಿಲುಬೆಯನ್ನ ಮಾತ್ರ ಮೊದಲೇ ಕಿತ್ತು ಮೇಲಕ್ಕೆ ಸಾಗಿಸಿದ್ರಂತೆ. ನಾನು ಲಿಂಗನಮಕ್ಕಿ ಹಿನ್ನೀರಿನ ಕಡೆಯವನು. ನಮ್ಮಜ್ಜನ ಮನೆ, ಗದ್ದೆ ಎಲ್ಲ ಶರಾವತಿ ಕೆಳಗಿದೆ. ಬ್ಲೆಸಿಂಗ್ಟನ್ ದಡದಲ್ಲಿ ಒಬ್ಬ ಮುದುಕರು ನಾಯಿ ಜೊತೆ ಬಂದಿದ್ರು, ಕೋಲು ಎತ್ತಿ ನೀರಿನ ನಡುವೆ ತೋರಿಸಿ "ನಮ್ಮ ಅಮ್ಮನ ತವರು ಅಲ್ಲಿತ್ತು" ಅಂದ್ರು. ನಮ್ಮ ಕಡೆಯವರು ಲಾಂಚಿನಲ್ಲಿ ಹೋಗುವಾಗ ಕೈ ತೋರಿಸೋದೂ ಹೀಗೇ. ಆಮೇಲೆ ನಾವಿಬ್ಬರೂ ಮುಳುಗಡೆ ಪರಿಹಾರದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ವಿ. ಎರಡೂ ಕಡೆ ಸಿಕ್ಕಿದ್ದು ಕಮ್ಮಿನೇ ಅಂತ ತೀರ್ಮಾನ ಆಯ್ತು.

ಈಜೋದು ಮಾತ್ರ ಬೇಡ. ಅದು ವಿದ್ಯುತ್ ಇಲಾಖೆಯವರ ಜಲಾಶಯ, ನೀರಿನ ಮಟ್ಟ ಏರಿಳಿಯುತ್ತೆ, ಅಡಿಯಲ್ಲಿ ಏನಿದೆ ಅಂತ ಕಾಣಲ್ಲ.

ನಂಜನಗೂಡು_ಬಾಳೆ
ಈ 65 ದಿನಾ ನಮ್ಮ ಕಣ್ಮುಂದೆ ಹೋಗುತ್ತೆ! ಎಲ್ಲಿಗೆ ಅಂತ ಯೋಚನೆನೇ ಮಾಡಿರಲಿಲ್ಲ. ರಸ್‌ಬರೋ ಒಳಗೆ ಹೋಗೋದು ದಂಡಾನಾ?

ಬ್ರೇ_ವಾಸಿ
ಹೊರಗಿಂದ ನೋಡಿದ್ರೆ ಸಾಕು ಅಂತ ನನ್ನ ಅಭಿಪ್ರಾಯ. 1741ರಲ್ಲಿ ಶುರುಮಾಡಿದ ಬಂಗ್ಲೆ, ಒಳಗೆ ಗಾರೆ ಕೆಲಸ ಚೆನ್ನಾಗಿದೆ. ಅದರ ಖ್ಯಾತಿ ಇರೋದು ಕಳ್ಳತನದಿಂದ. 1974, 1986, 2001, 2002, ನಾಲ್ಕು ಸಲ ಚಿತ್ರಗಳನ್ನ ದೋಚಿದ್ರು. ಮಾಲೀಕರಾಗಿದ್ದ ಬೈಟ್ ದಂಪತಿ ಒಳ್ಳೊಳ್ಳೆ ಚಿತ್ರಗಳನ್ನ ಡಬ್ಲಿನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಟ್ಟುಬಿಟ್ರು. ಎರಡು ಸಲ ಕಳುವಾಗಿ ವಾಪಸ್ ಬಂದ, ಡಚ್ ಕಲಾವಿದ ವರ್ಮೀರ್ ಚಿತ್ರ ಈಗ ಅಲ್ಲೇ ತೂಗ್ತಿದೆ, ನೋಡೋಕೆ ಟಿಕೆಟ್ಟೇ ಇಲ್ಲ. ಬಂಗ್ಲೆಗೆ ದುಡ್ಡು ಕೊಡೋ ಬದಲು ಮಳೆ ದಿನ ನೋಡ್ಕೊಂಡು ಗ್ಯಾಲರಿಗೆ ಹೋಗಿ.

ಧಾರವಾಡ_ಪೇಡಾ
ಕಳ್ಳರಿಗೆ ಥ್ಯಾಂಕ್ಸ್ ಹೇಳ್ಬೇಕು ಹಂಗಾರ 😀

ಕುಂದಾಪ್ರ_ಮಾಣಿ
ಒಂದು ವಿಚಿತ್ರ ಜಾಗ ಹೇಳ್ತೇನೆ, ಟಿಕೆಟ್ ಉಂಟು, ಬೈಬೇಡಿ. ರೌಂಡ್‌ವುಡ್ ಹತ್ರ ವಿಕ್ಟೋರಿಯಾಸ್ ವೇ ಅಂತ ಶಿಲ್ಪದ ತೋಟ. ಐರ್ಲೆಂಡಿನ ಜೌಗು ಕಾಡಿನ ನಡುವೆ ಕಪ್ಪು ಕಲ್ಲಿನ ಗಣಪತಿಗಳು! ಒಬ್ಬ ಕುಣೀತಾನೆ, ಒಬ್ಬ ವಾದ್ಯ ಬಾರಿಸ್ತಾನೆ, ಒಬ್ಬ ಪುಸ್ತಕ ಓದ್ತಾನೆ. ನಟರಾಜನೂ ಉಂಟು, ಉಪವಾಸದಲ್ಲಿ ಎಲುಬು ಎದ್ದ ಬುದ್ಧನೂ ಉಂಟು. ಎಲ್ಲ ಮಹಾಬಲಿಪುರದ ಶಿಲ್ಪಿಗಳು ಕೆತ್ತಿ ಹಡಗಿನಲ್ಲಿ ಕಳಿಸಿದ್ದು. ಪಾಚಿ ಹಿಡಿದ ಗಣಪನ ಹೊಟ್ಟೆ ಮೇಲೆ ಮಳೆಹನಿ ಇಳಿಯುವುದು ನೋಡ್ಬೇಕು ನೀವು.

ನಂಜನಗೂಡು_ಬಾಳೆ
ಅಯ್ಯೋ, ಅತ್ತೆಗೆ ಇದೇ ಬೇಕು! ಹೂವು, ಗರಿಕೆ ತಗೊಂಡೇ ಹೊರಡ್ತಾರೆ. ಮಗನೂ ಗಣಪತಿ ಅಂದ್ರೆ ಕುಣೀತಾನೆ.

ಬ್ರೇ_ವಾಸಿ
ನಿಲ್ಲಿ ನಿಲ್ಲಿ. ಅದು ದೇವಸ್ಥಾನ ಅಲ್ಲ, ಮಕ್ಕಳ ಪಾರ್ಕೂ ಅಲ್ಲ. ಒಬ್ಬರೇ ಕೂತು ಯೋಚನೆ ಮಾಡೋ ದೊಡ್ಡವರಿಗೆ ಅಂತ ಮಾಡಿದ ತೋಟ. ಜನ ಮಕ್ಕಳ ಜೊತೆ ಪಿಕ್ನಿಕ್ ಮಾಡ್ತಾರೆ ಅಂತ ಬೇಜಾರಾಗಿ ಮಾಲೀಕರು 2015ರಲ್ಲಿ ಮುಚ್ಚೇಬಿಟ್ಟಿದ್ರು, ಮರುವರ್ಷ ಹೊಸ ನಿಯಮದ ಜೊತೆ ತೆಗೆದ್ರು. ಕೆಲವು ಶಿಲ್ಪಗಳು ನೋಡೋಕೆ ಘೋರವಾಗೂ ಇವೆ. ಬೇಸಿಗೇಲಿ ಮಾತ್ರ ತೆಗೀತಾರೆ. ಯಾರನ್ನ ಬಿಡ್ತಾರೆ ಅಂತ ಅವರ ವೆಬ್‌ಸೈಟ್ ಓದ್ಕೊಂಡು, ಮಗನನ್ನ ಯಾರ ಹತ್ರನಾದ್ರೂ ಬಿಟ್ಟು ನೀವು ದೊಡ್ಡವರಷ್ಟೇ ಹೋಗಿ. ನೆಲ ಒದ್ದೆ ಇರುತ್ತೆ, ಅತ್ತೆಯ ಮಂಡಿ ಬಗ್ಗೆನೂ ಯೋಚಿಸಿ.

ರೈಲು_ಹುಚ್ಚ
ಗ್ರೇಸ್ಟೋನ್ಸ್ ಆದ್ಮೇಲೆ ಕಿಲ್‌ಕೂಲ್ ಸ್ಟೇಷನ್ ಬರುತ್ತೆ, ಪ್ಲಾಟ್‌ಫಾರ್ಮೇ ಕಡಲ ದಡದಲ್ಲಿ. ಡಾರ್ಟ್ ಅಲ್ಲಿಗೆ ಹೋಗಲ್ಲ, ದೂರದ ರೈಲುಗಳೂ ಎಲ್ಲಾ ನಿಲ್ಲಲ್ಲ. ದಡದ ಉರುಟುಕಲ್ಲಿನ ಮೇಲೆ ಪುಟ್ಟ ರೀವ ಹಕ್ಕಿಗಳು (ಲಿಟಲ್ ಟರ್ನ್) ಬೇಸಿಗೇಲಿ ಮೊಟ್ಟೆ ಇಡ್ತವೆ, ಪಶ್ಚಿಮ ಆಫ್ರಿಕಾದಿಂದ ಬರೋವು. ಗೂಡು ಅಂತ ಏನೂ ಕಟ್ಟಲ್ಲ, ಕಲ್ಲಿನ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆ. ನರಿ, ಕಾಗೆ ಬರದ ಹಾಗೆ ಬೇಲಿ ಹಾಕಿ ಬರ್ಡ್‌ವಾಚ್ ಐರ್ಲೆಂಡ್‌ನವರು ಕಾಯ್ತಾರೆ. ಅವರನ್ನ ಮಾತಾಡಿಸಿದ್ರೆ ಖುಷಿಯಾಗಿ ವಿವರಿಸ್ತಾರೆ. ಮಗನಿಗೆ ಇದು ಆಟದ ಮೆಷೀನಿಗಿಂತ ಇಷ್ಟ ಆಗುತ್ತೆ, ಬೈನಾಕ್ಯುಲರ್ ಇದ್ರೆ ತಗೊಂಡು ಹೋಗಿ.

ಕಾಫಿ_ಡಿಕಾಕ್ಷನ್
ಓದ್ತಾ ಇದ್ದೆ, ಎರಡು ಮಾತು ಸೇರಿಸ್ತೀನಿ. ಹೆರಿಟೇಜ್ ಕಾರ್ಡ್ ಅಂತ ಸರ್ಕಾರಿ ಪಾರಂಪರಿಕ ತಾಣಗಳ ಪ್ರವೇಶಕ್ಕೆ ಒಂದಿದೆ, ದೊಡ್ಡವರಿಗೆ 40, ಕುಟುಂಬಕ್ಕೆ 90 ಯೂರೋ, ವರ್ಷಪೂರ್ತಿ ನಡೆಯುತ್ತೆ. ಬರೀ ವಿಕ್ಲೋಗೆ ಅಂತ ಅದನ್ನ ತಗೋಬೇಡಿ, ಇಲ್ಲಿ ಅದು ಉಪಯೋಗಕ್ಕೆ ಬರೋದು ಗ್ಲೆಂಡಲಾಖ್ ವಿಸಿಟರ್ ಸೆಂಟರ್‌ನಲ್ಲಿ, ಅಷ್ಟೆ. ಮೀತ್, ಕಿಲ್ಕೆನಿ ಥರದ ಬೇರೆ ಜಿಲ್ಲೆ ಕಡೆನೂ ಓಡಾಡೋ ಯೋಚನೆ ಇದ್ರೆ ಲಾಭ. ಆಗಸ್ಟ್‌ನಲ್ಲಿ ಹೆರಿಟೇಜ್ ವೀಕ್ ಬರುತ್ತೆ, ಆಗ ಊರೂರಲ್ಲಿ ಬಿಟ್ಟಿ ಕಾರ್ಯಕ್ರಮ ಇರುತ್ತೆ.

ಇನ್ನೊಂದು, ಯಾರಾದ್ರೂ ಒಂದು ದಿನ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂದ್ರೆ ಆ ದಿನವನ್ನ ಬ್ರೇಗೆ ಹಾಳು ಮಾಡ್ಕೋಬೇಡಿ, ಅಲ್ಲಿಗೆ ರೈಲಿದೆ. ಕಾರು ಸಿಕ್ಕಿದ್ರೆ ಕಿಲ್‌ಮಕರಾ ಸಸ್ಯೋದ್ಯಾನಕ್ಕೆ ಹೋಗಿ. ಪ್ರವೇಶ ಉಚಿತ. ಹಿಮಾಲಯದಿಂದ 19ನೇ ಶತಮಾನದಲ್ಲಿ ಬೀಜ ತಂದು ಬೆಳೆಸಿದ ರೋಡೊಡೆಂಡ್ರನ್ ಮರಗಳಿವೆ, ಏಪ್ರಿಲ್-ಮೇನಲ್ಲಿ ಉದುರಿದ ಹೂವಿಂದ ದಾರಿಯೇ ಕೆಂಪಗಿರುತ್ತೆ. ಜುಲೈಗೆ ಹೂವು ಮುಗಿದಿರುತ್ತೆ, ಆದ್ರೂ ಮರಗಳನ್ನ ನೋಡೋದಕ್ಕೇ ಹೋಗಬಹುದು. ಬರ್ತಾ ಸ್ಯಾಲಿ ಗ್ಯಾಪ್ ರಸ್ತೆ ಹಿಡೀರಿ. 1798ರ ದಂಗೆ ಆದ್ಮೇಲೆ ಬೆಟ್ಟದಲ್ಲಿ ಅಡಗಿದ್ದ ಬಂಡಾಯಗಾರರನ್ನ ಹಿಡಿಯೋಕೆ ಬ್ರಿಟಿಷರು ಮಾಡಿಸಿದ ಮಿಲಿಟರಿ ರೋಡ್ ಅದು. ಮಂಡಿನೋವಿನವರಿಗೆ ಕೂತಲ್ಲೇ ಬೆಟ್ಟ ಕಾಣೋ ದಾರಿ ಇದೊಂದೇ. ಲಾಖ್ ಟೇ ಕೆರೆ ಮೇಲಿಂದ ನೋಡೋಕೆ ಪುಕ್ಕಟೆ, ಕೆಳಗೆ ಖಾಸಗಿ ಜಮೀನು.

ಧಾರವಾಡ_ಪೇಡಾ
ಬುತ್ತಿ ಏನು ಒಯ್ತೀರಿ? ಅದು ಮುಖ್ಯ.

ನಂಜನಗೂಡು_ಬಾಳೆ
ಪುಳಿಯೋಗರೆ, ಮೊಸರನ್ನ, ಫ್ಲಾಸ್ಕ್‌ನಲ್ಲಿ ಕಾಫಿ. ಅತ್ತೆ ಬಂದ್ಮೇಲೆ ಚಕ್ಕುಲಿ ಗ್ಯಾರಂಟಿ.

ಬ್ರೇ_ವಾಸಿ
ಬ್ರೇ ದಡದಲ್ಲಿ ಡಬ್ಬಿ ತೆಗೆದಿಟ್ಟು ಆಚೆ ತಿರುಗಬೇಡಿ. ಕಡಲಕಾಗೆಗಳು ಚಕ್ಕುಲಿ, ಚಿಪ್ಸು ಅಂತ ಭೇದ ಮಾಡಲ್ಲ, ಕೈಯಿಂದಲೇ ಕಿತ್ಕೊಂಡು ಹೋಗ್ತವೆ. ಹಿರಿಯರಿಗೆ ಸ್ವೆಟರ್ ಮೇಲೆ ಗಾಳಿ ತಡೆಯೋ ಜಾಕೆಟ್ ಇರಲಿ. ಛತ್ರಿ ಮನೇಲೇ ಬಿಡಿ, ಇಲ್ಲಿನ ಗಾಳಿಗೆ ಅದು ನಿಲ್ಲಲ್ಲ.

ಕಾಫಿ_ಡಿಕಾಕ್ಷನ್
ಉದ್ದ ಹುಲ್ಲಲ್ಲಿ, ಜರೀಗಿಡದ ನಡುವೆ ಆಡಿದ್ರೆ ಮನೆಗೆ ಬಂದ್ಮೇಲೆ ಮಗನ ಕಾಲು, ಮೊಣಕಾಲ ಸಂದು, ಕಿವಿ ಹಿಂದೆ ಉಣ್ಣೆ (ರಕ್ತ ಹೀರೋ ಹುಳ) ಇದೆಯಾ ನೋಡಿ. ವಿಕ್ಲೋ ಕಾಡಲ್ಲಿ ಜಿಂಕೆ ಜಾಸ್ತಿ, ಉಣ್ಣೆನೂ ಇರುತ್ತೆ.

ನಂಜನಗೂಡು_ಬಾಳೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಪ್ಲಾನ್: ಮೊದಲ ವಾರ ಬ್ಲೆಸಿಂಗ್ಟನ್, ಆಮೇಲೆ ಬ್ರೇ ಮತ್ತೆ ಗ್ರೇಸ್ಟೋನ್ಸ್, ಜುಲೈನಲ್ಲಿ ಒಂದು ಮಂಗಳವಾರ ರಜೆ ಹಾಕಿ ಗ್ಲೆಂಡಲಾಖ್. ಆ ದಿನ 40 ದಾಟಿದ್ರೂ ಪರವಾಗಿಲ್ಲ ಅಂತ ನಮ್ಮನೆಯವರು ಒಪ್ಪಿದಾರೆ. ಶಿಲ್ಪದ ತೋಟಕ್ಕೆ ಮಗನನ್ನ ಬಿಟ್ಟು ನಾನು, ಮಾವ ಹೋಗ್ತೀವಿ; ಅತ್ತೆಗೆ ಫೋಟೋ ತೋರಿಸೋದು. ಕೊನೇ ಪ್ರಶ್ನೆ, ಅತ್ತೆ-ಮಾವ ಇಬ್ಬರಿಗೂ 66 ದಾಟಿದೆ, ಹಿರಿಯರಿಗೆ ಬಸ್ಸು ಫ್ರೀ ಅಂತಾರಲ್ಲ?

ಕಾಫಿ_ಡಿಕಾಕ್ಷನ್
ಅದು ಇಲ್ಲೇ ಖಾಯಂ ವಾಸ ಇರೋರಿಗೆ ಮಾತ್ರ. ಪ್ರವಾಸಕ್ಕೆ ಬಂದೋರಿಗೆ ಸಿಗಲ್ಲ, ಮಾಮೂಲಿ ಲೀಪ್ ಕಾರ್ಡೇ ಗತಿ.

ಸಾಗರದವನು
65 ಎಲ್ಲವೂ ಒಂದೇ ಕಡೆ ಹೋಗಲ್ಲ, ಬ್ಲೆಸಿಂಗ್ಟನ್ ದಾಟಿದ ಮೇಲೆ ಬೇರೆ ಬೇರೆ ಊರಿಗೆ ತಿರುಗ್ತವೆ. ಹತ್ತುವಾಗ ಹಣೇಪಟ್ಟಿ ಓದಿ. ಬಸ್ಸುಗಳ ನಡುವೆ ಅಂತರ ಜಾಸ್ತಿ, ಭಾನುವಾರದ ವೇಳಾಪಟ್ಟಿನೂ ಬೇರೆ. ವಾಪಸ್ ಬರೋ ಬಸ್ಸಿನ ಟೈಮ್ ನೋಡ್ಕೊಂಡೇ ಮಾವನನ್ನ ಗ್ರೀನ್‌ವೇಗೆ ಬಿಡಿ.